ನೋಡಿದರೂ ಕಾಣದ ಸೈಕಲ್

ಮೈಸೂರಿನ ಓದುಗರೊಬ್ಬರ ಪ್ರಶ್ನೆ ಇದು: “ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಕಾರು ತಿರುಗಿಸುವ ಮುಂಚೆ ಎರಡೂ ಕಡೆ ನೋಡಿದ್ದೆ, ದೇವರಾಣೆಗೂ ನೋಡಿದ್ದೆ. ಆದರೂ ಸೈಕಲ್‌ನವನು ಬಾನೆಟ್ ಮುಂದೆ ಬರುವ ತನಕ ಕಾಣಲೇ ಇಲ್ಲ. ನನ್ನ ಕಣ್ಣಿಗೇನಾದರೂ ತೊಂದರೆಯೇ?”

ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಇವರ ಮಾತು ನಿಜವೇ ಇರಬಹುದು. ಅಪಘಾತಗಳನ್ನು ಅಧ್ಯಯನ ಮಾಡುವವರು ‘ನೋಡಿದರು, ಕಾಣಲಿಲ್ಲ’ ಎಂಬ ವರ್ಗವನ್ನೇ ಇಟ್ಟುಕೊಂಡಿದ್ದಾರೆ. ಚಾಲಕ ಕುಡಿದಿರುವುದಿಲ್ಲ, ಕೈಯಲ್ಲಿ ಫೋನೂ ಇರುವುದಿಲ್ಲ, ಕತ್ತು ತಿರುಗಿಸಿ ನೋಡಿಯೂ ಇರುತ್ತಾನೆ. ಆದರೆ ಎದುರಿಗಿದ್ದ ಮನುಷ್ಯ ತಲೆಗೆ ಇಳಿದಿರುವುದಿಲ್ಲ.

ನಮ್ಮ ಕಣ್ಣಿನ ದೃಷ್ಟಿ ನಿಚ್ಚಳವಾಗಿರುವುದು ನಡುವಿನ ಒಂದೆರಡು ಡಿಗ್ರಿಯಲ್ಲಿ ಮಾತ್ರ. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಉಗುರು ಆವರಿಸುವಷ್ಟು ಜಾಗ. ಮಿಕ್ಕಿದ್ದೆಲ್ಲ ಮಸುಕು. ಅದಕ್ಕಾಗಿಯೇ ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಈ ಜಿಗಿತಕ್ಕೆ ಸ್ಯಾಕೇಡ್ ಎನ್ನುತ್ತಾರೆ. ಜಿಗಿಯುವ ಗಳಿಗೆಯಲ್ಲಿ ನಾವು ಹೆಚ್ಚುಕಡಿಮೆ ಕುರುಡರು. ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ಡಾಡ್ಜ್ ಒಬ್ಬರು. ಜರ್ಮನಿಯ ಹಾಲೆಯಲ್ಲಿ ಬೆನ್ನೊ ಎರ್ಡ್‌ಮನ್ ಜೊತೆ ಅವರು ಶೋಧಿಸುತ್ತಿದ್ದದ್ದು ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಎಂಬುದನ್ನು. ರಸ್ತೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. 1898ರಲ್ಲಿ ಇಬ್ಬರೂ ಪ್ರಕಟಿಸಿದ ಪುಸ್ತಕದಲ್ಲಿ ಎಂಥವರೂ ಮಾಡಿ ನೋಡಬಹುದಾದ ಪ್ರಯೋಗವಿದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ಪಕ್ಕದಲ್ಲಿ ನಿಂತವರಿಗೆ ನಿಮ್ಮ ಕಣ್ಣು ಹೊರಳಿದ್ದು ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಆ ಖಾಲಿ ಕ್ಷಣವನ್ನು ಮೆದುಳು ಹೊಲಿದು ಮುಚ್ಚಿಬಿಡುತ್ತದೆ. ತಿರುವಿನಲ್ಲಿ ಸರ್ರನೆ ಎಡಕ್ಕೂ ಬಲಕ್ಕೂ ಕತ್ತು ಹೊರಳಿಸುವ ಚಾಲಕನ ಕಣ್ಣು ರಸ್ತೆಯುದ್ದಕ್ಕೂ ಎರಡು ಮೂರು ಕಡೆ ಮಾತ್ರ ನಿಲ್ಲುತ್ತದೆ. ನಡುವಿನ ಜಾಗದಲ್ಲಿ ಬಸ್ಸಿದ್ದರೆ ಹೇಗೋ ಗೊತ್ತಾಗುತ್ತದೆ. ಒಂಟಿ ಸೈಕಲ್ ತಪ್ಪಿಹೋಗುತ್ತದೆ. ಆದರೂ ಆತನಿಗೆ ಪೂರ್ತಿ ರಸ್ತೆ ನೋಡಿದೆ ಎಂಬ ನಂಬಿಕೆ ಇರುತ್ತದೆ.

ಇದರ ಜೊತೆಗೆ ಕಾರಿನ ಗಾಜಿನ ಅಂಚಿನ ಕಂಬ ಸೇರಿಕೊಳ್ಳುತ್ತದೆ. ಚಾವಣಿ ಗಟ್ಟಿಯಾಗಿರಲಿ ಎಂದು ಹೊಸ ಕಾರುಗಳಲ್ಲಿ ಈ ಕಂಬವನ್ನು ದಪ್ಪ ಮಾಡಿದ್ದಾರೆ. ಹತ್ತಿಪ್ಪತ್ತು ಮೀಟರ್ ದೂರದ ಸೈಕಲ್ಲೂ ಸವಾರನೂ ಅದರ ಮರೆಯಲ್ಲಿ ಅಡಗಿಬಿಡಬಹುದು. ಇನ್ನೂ ಅಪಾಯದ ಸಂಗತಿಯೆಂದರೆ, ಎರಡು ವಾಹನ ಒಂದೇ ಬಿಂದುವನ್ನು ಒಂದೇ ಹೊತ್ತಿಗೆ ಮುಟ್ಟುವಂತೆ ಸಮವೇಗದಲ್ಲಿ ಸಾಗುತ್ತಿದ್ದರೆ ಒಂದರಿಂದ ಇನ್ನೊಂದು ಕಾಣುವ ಕೋನ ಬದಲಾಗುವುದೇ ಇಲ್ಲ. ಸಮುದ್ರದಲ್ಲಿ ಎದುರು ಹಡಗಿನ ಕೋನ ಬದಲಾಗುತ್ತಿಲ್ಲವೆಂದರೆ ಡಿಕ್ಕಿಯ ಅಪಾಯವಿದೆಯೆಂದೇ ಭಾವಿಸಬೇಕೆಂದು 1972ರ ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಕಣ್ಣಂಚಿಗೆ ಬೇಗ ಗೊತ್ತಾಗುವುದು ಚಲನೆ. ಡಿಕ್ಕಿ ಹೊಡೆಯಲಿರುವ ಸೈಕಲ್ ಮಾತ್ರ ಗಾಜಿನ ಮೇಲೆ ಚಲಿಸದೆ ಕಂಬದ ಹಿಂದೆಯೇ ನಿಂತಿರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮೂರನೆಯ ಕಾರಣ. ಹಿಂದೆ ನಮ್ಮ ಮನೆಗಳಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿ ಹರಡಿ, ಕಲ್ಲು, ನೆಲ್ಲು, ಹುಳ ಆರಿಸಿ ಬಿಸಾಡುತ್ತಿದ್ದರು. ಹಿಡಿ ಅಕ್ಕಿಗೆ ನಾಲ್ಕು ಕಲ್ಲು ಸಿಗುತ್ತಿದ್ದ ಕಾಲದಲ್ಲಿ ಅಜ್ಜಿಯರು ಮಾತಾಡುತ್ತಲೇ ಬಿಳಿ ಕಲ್ಲನ್ನೂ ಬಿಡದೆ ಹೆಕ್ಕುತ್ತಿದ್ದರು. ಈಗಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಹಾಗಾಗಿ ಅಪರೂಪಕ್ಕೊಂದು ಬಂದರೆ ನೇರ ಹಲ್ಲಿಗೇ ಸಿಗುತ್ತದೆ. ಕಣ್ಣು ಅಕ್ಕಿಯ ಮೇಲೆ ಆಡಿಯೂ ಕಲ್ಲನ್ನು ಬಿಟ್ಟಿರುತ್ತದೆ, ಯಾಕೆಂದರೆ ಸಿಕ್ಕೀತೆಂಬ ನಿರೀಕ್ಷೆಯೇ ಇಲ್ಲ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಇದನ್ನು ಲೆಕ್ಕಹಾಕಿ ತೋರಿಸಿದರು. ಕಿಕ್ಕಿರಿದ ಚಿತ್ರಗಳಲ್ಲಿ ಒಂದು ವಸ್ತುವನ್ನು ಹುಡುಕುವ ಕೆಲಸ. ಅರ್ಧದಷ್ಟು ಚಿತ್ರಗಳಲ್ಲಿ ಆ ವಸ್ತು ಇದ್ದಾಗ ಜನ ತಪ್ಪಿಸಿಕೊಂಡದ್ದು ಶೇ 7ರಷ್ಟು. ನೂರರಲ್ಲೊಂದು ಚಿತ್ರದಲ್ಲಿ ಮಾತ್ರ ಇದ್ದಾಗ ಅದು ಶೇ 30ಕ್ಕೆ ಏರಿತು.

ಬೆಂಗಳೂರಿನ ಮುಖ್ಯರಸ್ತೆಗಳಲ್ಲಿ ಸೈಕಲ್ ಈಗ ಆ ಅಪರೂಪದ ಕಲ್ಲಾಗಿದೆ. ಕಾರ್ಖಾನೆಗಳ ಸೈರನ್ ಕೂಗಿದೊಡನೆ ಸೈಕಲ್‌ಗಳ ಹೊಳೆಯೇ ಹರಿಯುತ್ತಿದ್ದ ಊರಿನಲ್ಲಿ ಚಾಲಕರ ಕಣ್ಣು ಸೈಕಲ್ಲನ್ನು ನಿರೀಕ್ಷಿಸುವುದನ್ನೇ ಬಿಟ್ಟಿದೆ. ಪೀಟರ್ ಜೇಕಬ್ಸನ್ 2003ರಲ್ಲಿ ಕ್ಯಾಲಿಫೋರ್ನಿಯಾ, ಡೆನ್ಮಾರ್ಕ್ ಮತ್ತಿತರ ಕಡೆಯ ಅಂಕಿಅಂಶ ಜೋಡಿಸಿ, ಸೈಕಲ್ ತುಳಿಯುವವರು ಮತ್ತು ನಡೆಯುವವರು ಎರಡು ಪಟ್ಟಾದರೆ ಒಬ್ಬೊಬ್ಬರ ಅಪಾಯ ಸುಮಾರು ಮೂರರಲ್ಲೊಂದು ಪಾಲು ತಗ್ಗುತ್ತದೆ ಎಂದರು. ಇದನ್ನು ಸೈಕಲ್ ಪ್ರೇಮಿಗಳು ಮಂತ್ರದಂತೆ ಜಪಿಸುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ರಸ್ತೆ ಸುರಕ್ಷಿತವಾಗಿರುವ ಕಡೆಯೇ ಜನ ಸೈಕಲ್ ಏರುತ್ತಾರೆ ಎಂಬುದೂ ಅಷ್ಟೇ ನಿಜ. ಪಥ ಕೊಡದೆ “ನೀವೆಲ್ಲ ಬನ್ನಿ, ಆಮೇಲೆ ಸುರಕ್ಷಿತವಾಗುತ್ತದೆ” ಎನ್ನುವುದು ಸರಿಯಲ್ಲ. ಜಯನಗರದಲ್ಲಿ ಹಾಕಿದ ಸೈಕಲ್ ಪಥದ ಮೇಲೆ ಕಾರುಗಳು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ.

ಹೊಳೆಯುವ ಜಾಕೆಟ್ ಹಾಕಿಕೊಳ್ಳಿ ಎಂಬ ಸಲಹೆಯೂ ಪದೇ ಪದೇ ಬರುತ್ತದೆ. ಬ್ರಿಟನ್ನಿನ ಇಯಾನ್ ವಾಕರ್ ತಂಡ ಏಳು ಬಗೆಯ ಉಡುಪಿನಲ್ಲಿ ಸೈಕಲ್ ಓಡಿಸಿ, ಓವರ್‌ಟೇಕ್ ಮಾಡುವ ವಾಹನಗಳು ಎಷ್ಟು ಅಂತರ ಬಿಡುತ್ತವೆಂದು ಸೆನ್ಸರಿನಿಂದ ಅಳೆಯಿತು. ಹೆಚ್ಚಿನವು ಒಂದೇ ತರಹ. ಪೊಲೀಸ್ ಹೆಸರಿದ್ದು, ಕ್ಯಾಮೆರಾ ಇದೆ ಎಂದು ಬರೆದಿದ್ದ ಜಾಕೆಟ್ಟಿಗೆ ಮಾತ್ರ ಚಾಲಕರು ಹೆಚ್ಚು ಜಾಗ ಬಿಟ್ಟರು. ಕತ್ತಲಲ್ಲಿ ದೀಪವೂ ರಿಫ್ಲೆಕ್ಟರೂ ಬೇಕೇ ಬೇಕು. ಆದರೆ ಕಾಣಿಸಿಕೊಳ್ಳುವ ಹೊಣೆಯನ್ನೆಲ್ಲ ಸವಾರನ ಬೆನ್ನಿಗೆ ಹೊರಿಸಲಾಗದು.

ಕಣ್ಣಿನ ಸ್ವಭಾವ ಬದಲಾಗುವುದಿಲ್ಲ, ವೇಗ ಬದಲಾಗಬಲ್ಲದು. ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8.3 ಮೀಟರ್ ಸಾಗುತ್ತದೆ, ಒಣ ಡಾಂಬರಿನ ಮೇಲೆ ಇನ್ನೈದು ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 13.3 ಮೀಟರ್. 50 ಕಿ.ಮೀ. ವೇಗದ ಕಾರು ಅದೇ ಒಂದು ಸೆಕೆಂಡಿನಲ್ಲಿ 13.9 ಮೀಟರ್ ಸಾಗಿರುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. 13.5 ಮೀಟರ್ ಮುಂದೆ ಮಗುವೊಂದು ರಸ್ತೆಗೆ ಇಳಿದರೆ ಮೊದಲ ಕಾರು ಅದನ್ನು ಮುಟ್ಟುವುದೇ ಇಲ್ಲ, ಎರಡನೆಯದು ಪೂರ್ತಿ 50ರ ವೇಗದಲ್ಲೇ ಗುದ್ದುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ನಡೆದುಹೋಗುತ್ತಿದ್ದವರು.

ಆಸ್ಟ್ರಿಯಾದ ಗ್ರಾಟ್ಸ್ ನಗರ 1992ರಲ್ಲೇ ಒಳರಸ್ತೆಗಳಿಗೆ 30ರ ಮಿತಿ ಹಾಕಿತು, ಪ್ಯಾರಿಸ್ 2021ರಲ್ಲಿ ಬಹುಪಾಲು ರಸ್ತೆಗಳಿಗೆ ತಂದಿತು. ಬೋರ್ಡು ನೆಟ್ಟರಷ್ಟೇ ನಮ್ಮಲ್ಲಿ ಯಾರೂ ನಿಧಾನಿಸುವುದಿಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಫುಟ್‌ಪಾತ್ ಅಗಲ ಮಾಡಿ, ವಾಹನಗಳ ಪಥವನ್ನು ಅಳತೆಗೆ ತಂದ ಹಾಗೆ ಬಡಾವಣೆಗಳ ಒಳರಸ್ತೆಗಳಲ್ಲೂ ಮಾಡಬೇಕು. ತಿರುವಿನ ಮೂಲೆಯನ್ನು ಬಿಗಿ ಮಾಡಿ, ಜನ ದಾಟುವ ಜಾಗವನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸಬೇಕು. ಶಾಲೆಗಳ ಮುಂದಿನ ರಸ್ತೆಗಳಿಂದಲೇ ಈ ಕೆಲಸ ಶುರುವಾಗಲಿ.