ಹಲಗೆಯ ಮೈಮೇಲೆ ನಾವಿಕರ ಹಚ್ಚೆ

ಸ್ಕೇಟ್‌ಬೋರ್ಡಿನ ಚಿತ್ರ ಇರುವುದು ಅದರ ಹೊಟ್ಟೆಯ ಕಡೆ. ಮೇಲ್ಗಡೆ, ಕಾಲು ಜಾರದಿರಲೆಂದು, ಉಪ್ಪುಕಾಗದದಂತೆ ತರಿತರಿಯಾದ ಕಪ್ಪು ಗ್ರಿಪ್‌ಟೇಪ್ ಅಂಟಿಸಿರುತ್ತಾರೆ. ಸವಾರ ಹಲಗೆ ಸಮೇತ ಗಾಳಿಗೆ ಹಾರಿದಾಗ ಅರೆಗಳಿಗೆ ಕಂಡು, ಕಬ್ಬಿಣದ ಕಂಬಿಯ ಮೇಲೆ ಜಾರಿದಾಗ ಚಕ್ಕೆಚಕ್ಕೆಯಾಗಿ ಕಿತ್ತುಹೋಗುವ ಚಿತ್ರ ಅದು. ಇಂಥ ಜಾಗಕ್ಕೆ ಚಿತ್ರ ಬರೆಯುವವರು ಮತ್ತೆ ಮತ್ತೆ ಅಮೆರಿಕದ ನಾವಿಕರ ಹಳೆಯ ಹಚ್ಚೆಗಳ ಕಡೆಗೇ ತಿರುಗುತ್ತಾರೆ: ಕಠಾರಿ ಚುಚ್ಚಿದ ತಲೆಬುರುಡೆ, ಸುರುಳಿ ಸುತ್ತಿದ ಹಾವು, ಗುಲಾಬಿ, ಲಂಗರು, ಕವಲು ಬಾಲದ ಸ್ವಾಲೋ ಹಕ್ಕಿ. ಇದನ್ನು ಹಳೆಯದರ ಮೇಲಿನ ವ್ಯಾಮೋಹ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಎರಡೂ ಕಸುಬುಗಳ ಇಕ್ಕಟ್ಟು ಒಂದೇ ಆಗಿರುವುದರಿಂದ ಒಂದರ ಜಾಣತನ ಇನ್ನೊಂದಕ್ಕೆ ಒದಗುತ್ತದೆ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1891ರಲ್ಲಿ. ಮುಂದೆ ಬಂದರು ಊರುಗಳಲ್ಲೆಲ್ಲ ಹಚ್ಚೆ ಅಂಗಡಿಗಳು ಬೆಳೆದವು. ರಜೆಯ ಮೇಲೆ ದಡಕ್ಕಿಳಿದ ನಾವಿಕನಿಗೆ ಪುರುಸೊತ್ತು ಕಡಿಮೆ. ಗೋಡೆಯ ಮೇಲಿನ ‘ಫ್ಲ್ಯಾಶ್’ ಹಾಳೆಗಳಲ್ಲಿ ಬೆರಳಿಟ್ಟು ತೋರಿಸಿದರೆ ಅದನ್ನೇ ಬೇಗ ಬೇಗ ಚುಚ್ಚಿ ಕಳಿಸಬೇಕು. ಅದಕ್ಕೆಂದು ಅಸಿಟೇಟ್ ತುಂಡಿನ ಮೇಲೆ ಗೆರೆಗಳನ್ನು ಮೊದಲೇ ಕೊರೆದಿಟ್ಟಿರುತ್ತಿದ್ದರು. ಕೊರಕಲಿಗೆ ಇದ್ದಿಲ ಪುಡಿ ತಿಕ್ಕಿ, ಚರ್ಮಕ್ಕೆ ತೆಳ್ಳಗೆ ವ್ಯಾಸಲೀನ್ ಸವರಿ, ತುಂಡನ್ನು ಒತ್ತಿ ತೆಗೆದರೆ ಗೆರೆ ಮೂಡುತ್ತಿತ್ತು. ಒರೆಸಿದರೆ ಅಳಿಸಿಹೋಗುವ ಆ ಗುರುತಿನ ಮೇಲೆ ಸೂಜಿ ಓಡಿಸುವಾಗ ಕೂದಲೆಳೆಯ ಕುಸುರಿಗೆ ಎಡೆಯಿಲ್ಲ. ಮೇಲಾಗಿ ಚರ್ಮದೊಳಗಿನ ಶಾಯಿ ವರ್ಷ ಕಳೆದಂತೆ ಹರಡುತ್ತದೆ. ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳು ಕೂಡಿಕೊಂಡು ಮಸಿಯಾಗುತ್ತವೆ. ದಪ್ಪ ಹೊರಗೆರೆ, ಧಾರಾಳ ಕಪ್ಪು, ನಾಲ್ಕಾರು ಬಣ್ಣ ಎಂಬ ಕಟ್ಟುಪಾಡು ಹುಟ್ಟಿದ್ದು ಹೀಗೆ. ಮೂರರಲ್ಲಿ ಒಂದು ಪಾಲು ಕಪ್ಪು, ಒಂದು ಪಾಲು ಬಣ್ಣ, ಒಂದು ಪಾಲು ಬರೀ ಚರ್ಮ ಎನ್ನುವುದು ಈ ಕಸುಬಿನವರು ಇಂದಿಗೂ ಹೇಳುವ ಲೆಕ್ಕ.

ಈಗ ಹಲಗೆಗೆ ಬನ್ನಿ. ಸಾಮಾನ್ಯವಾಗಿ ಮೇಪಲ್ ಮರದ 7 ತೆಳು ಪದರಗಳನ್ನು ಅಂಟಿಸಿ ಒತ್ತಿ ಮಾಡಿದ್ದು. ಅಗಲ 8 ಇಂಚಿನ ಆಸುಪಾಸು, ಉದ್ದ 31–32 ಇಂಚು. ಮೂತಿ, ಬಾಲ ಎರಡೂ ಮೇಲಕ್ಕೆ ಬಾಗಿರುತ್ತವೆ. ನಡುವೆಯೂ ಅಡ್ಡಕ್ಕೆ ಸಣ್ಣ ತಗ್ಗು. ತೋಳಿನ ಹಾಗೆ ಇದೂ ಬಾಗಿದ ಮೈ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ ಬೇಕು, ಬಣ್ಣ ಹೆಚ್ಚಿದಷ್ಟೂ ಖರ್ಚು. ಕಪ್ಪು ನಿಧಾನಕ್ಕೆ ತಿಳಿಯಾಗುವ ನೆರಳನ್ನು ನೇರವಾಗಿ ಅಚ್ಚು ಹಾಕಲಾಗದು. ಚುಕ್ಕಿ ಚುಕ್ಕಿಯಾಗಿ ಚೆಲ್ಲಬೇಕು. ಹಚ್ಚೆಯವನು ಸೂಜಿಯನ್ನು ಬೀಸಿ ಎತ್ತಿದಾಗ ನೆರಳಿನ ಅಂಚಿನಲ್ಲಿ ಉದುರುವುದೂ ಇಂಥದೇ ಚುಕ್ಕಿ.

ಇವೆರಡೂ ಕೂಡಿದ ಊರುಗಳೂ ದೂರದವಲ್ಲ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ‘ಪೈಕ್’ ಎಂಬ ಜಾತ್ರೆಬಯಲು ನೌಕಾಪಡೆಯವರ ಹಚ್ಚೆ ಅಂಗಡಿಗಳಿಗೆ ಹೆಸರಾಗಿತ್ತು. 1945ರಲ್ಲಿ ಹುಟ್ಟಿ, ಮುಂದೆ ಹಚ್ಚೆಯ ದೊಡ್ಡ ಕಲಾವಿದನಾದ ಎಡ್ ಹಾರ್ಡಿ ಹುಡುಗನಾಗಿದ್ದಾಗ ಸುತ್ತುತ್ತಿದ್ದದ್ದು ಅಲ್ಲೇ. ಅದೇ ಕರಾವಳಿಯ ಸ್ಯಾಂಟಾ ಮೋನಿಕಾ–ವೆನಿಸ್ ಕಡೆಯ ‘ಡಾಗ್‌ಟೌನ್’ ಹುಡುಗರಲ್ಲಿ ವೆಸ್ ಹಂಪ್‌ಸ್ಟನ್ 1970ರ ದಶಕದಲ್ಲಿ ಹಲಗೆಗಳ ಅಡಿಗೆ ಕೈಯಾರೆ ಚಿತ್ರ ಬರೆಯತೊಡಗಿದ. ಆಮೇಲೆ ಪವೆಲ್ ಪೆರಾಲ್ಟಾ ಕಂಪನಿಗೆ ವಿ. ಸಿ. ಜಾನ್ಸನ್ ಬರೆದುಕೊಟ್ಟ ಬುರುಡೆ, ಕತ್ತಿ, ಹಾವು, ಡ್ರ್ಯಾಗನ್‌ಗಳನ್ನು ನೋಡಿದರೆ ಫ್ಲ್ಯಾಶ್ ಹಾಳೆಯ ರಕ್ತಸಂಬಂಧ ಯಾರಿಗಾದರೂ ತಿಳಿಯುತ್ತದೆ.

ಹೊಸದಾಗಿ ವಿನ್ಯಾಸ ಮಾಡುವವರು ಎಡವುವುದು ಒಂದು ಕಡೆ: ಫ್ಲ್ಯಾಶ್ ಹಾಳೆಯನ್ನೇ ಹಲಗೆಗೆ ಇಳಿಸಿಬಿಡುತ್ತಾರೆ. ಹತ್ತು ಹದಿನೈದು ಪುಟ್ಟ ಚಿತ್ರಗಳು, ನಡುನಡುವೆ ನಕ್ಷತ್ರ. ಹತ್ತಡಿ ದೂರದಿಂದ ಅದು ಬರೀ ಗಲಿಬಿಲಿ. ಹೊನೊಲುಲುವಿನ ಸೈಲರ್ ಜೆರ್ರಿ, ಅಂದರೆ 1973ರಲ್ಲಿ ತೀರಿಕೊಂಡ ನಾರ್ಮನ್ ಕಾಲಿನ್ಸ್, ಜಪಾನಿನ ಹಚ್ಚೆ ಗುರುಗಳ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದ. ಬೆನ್ನು ಪೂರಾ ಒಂದೇ ಚಿತ್ರವಾಗಿ ಕೂರಿಸುವ ಅವರ ಬಗೆ ಅವನನ್ನು ಸೆಳೆದಿತ್ತು. ಹಲಗೆಗೂ ಅದೇ ಕಣ್ಣು ಬೇಕು. ನೀಳವಾದ ಈ ಜಾಗ ಕಠಾರಿಗೆ, ಹಾವಿಗೆ ಹೇಳಿ ಮಾಡಿಸಿದ್ದು. ಪಟ ಬಿಚ್ಚಿದ ಹಡಗಿಗೆ ಅಗಲ ಸಾಲದು. ಇನ್ನು ಚಕ್ರ ಹಿಡಿದಿಡುವ ಟ್ರಕ್ಕುಗಳು ಎರಡು ಕಡೆ ಚಿತ್ರವನ್ನು ಮುಚ್ಚುತ್ತವೆ, ಒಂದೊಂದಕ್ಕೆ ನಾಲ್ಕು ಬೋಲ್ಟು. ಮುಖ, ಕಣ್ಣು ಅಲ್ಲಿ ಬಿದ್ದರೆ ಕೆಟ್ಟಿತು. ಎರಡು ಟ್ರಕ್ಕುಗಳ ನಡುವಿನ ಭಾಗ ಕಂಬಿಗೆ ಉಜ್ಜುತ್ತದೆ, ಆದ್ದರಿಂದ ಅಲ್ಲಿಗೆ ದಪ್ಪ ಕಪ್ಪು ಆಕಾರವೇ ಸರಿ. ಗೀರು ಬಿದ್ದರೂ ಗುರುತು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮರವನ್ನು ಮರವಾಗಿಯೇ ಬಿಡಿ. ಚರ್ಮದ ಪಾಲನ್ನು ಇಲ್ಲಿ ಮೇಪಲ್‌ನ ತಿಳಿಬಣ್ಣ, ಅದರ ಎಳೆ ವಹಿಸಿಕೊಳ್ಳುತ್ತದೆ. ಶಾಖದಿಂದ ಅಂಟಿಸುವ ಮುದ್ರಿತ ಹಾಳೆಯಲ್ಲಿ ಎಷ್ಟು ಬಣ್ಣ ಬೇಕಾದರೂ ತುಂಬಬಹುದು, ನಿಜ. ತುಂಬಬೇಕಿಲ್ಲ.

ನನ್ನನ್ನು ಕೇಳಿದರೆ ಹಲಗೆಗೆ ತೀರಾ ಒಪ್ಪುವುದು ಬುರುಡೆಯಲ್ಲ, ಹಂದಿ ಮತ್ತು ಹುಂಜ. ನಾವಿಕರು ಒಂದು ಪಾದದ ಮೇಲೆ ಹಂದಿ, ಇನ್ನೊಂದರ ಮೇಲೆ ಹುಂಜ ಹಾಕಿಸಿಕೊಳ್ಳುತ್ತಿದ್ದರು, ನೀರಿನಲ್ಲಿ ಮುಳುಗದಿರಲೆಂಬ ನಂಬಿಕೆಯಿಂದ. ಹಡಗಿನಲ್ಲಿ ಈ ಪ್ರಾಣಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಒಯ್ಯುತ್ತಿದ್ದರು, ಹಡಗು ಒಡೆದರೂ ಪೆಟ್ಟಿಗೆ ತೇಲುತ್ತಿತ್ತು ಎಂದು ಅದಕ್ಕೆ ಕಾರಣ ಹೇಳುತ್ತಾರೆ. ಮರದ ಮೇಲೆ ನಿಂತು ಬೀಳದಿರಲು ಹೆಣಗುವವನಿಗೆ ಇದಕ್ಕಿಂತ ಹತ್ತಿರದ ರಕ್ಷೆ ಯಾವುದು? ಮೂತಿಯ ಕಡೆ ಕತ್ತು ಚಾಚಿದ ಹುಂಜ, ಬಾಲದ ಕಡೆ ಗುಂಡಗಿನ ಹಂದಿ, ಎರಡರ ನಡುವೆ ಉದ್ದಕ್ಕೆ ಒಂದು ಹಗ್ಗ. ಹುಂಜದ ಜುಟ್ಟಿಗೆ ಕೆಂಪು, ಹಗ್ಗಕ್ಕೆ ಹಳದಿ, ಉಳಿದದ್ದು ಕಪ್ಪು. ಎರಡು ಪಾದಗಳ ಅಡಿಗೆ ಎರಡು ಪ್ರಾಣಿ.

ಹಳೆಯ ಹಾಳೆಗಳಲ್ಲಿ ಬಿಡಬೇಕಾದದ್ದೂ ಇದೆ. ಹವಾಯಿಯ ಹೆಣ್ಣುಮಕ್ಕಳನ್ನು, ಅಮೆರಿಕದ ಮೂಲನಿವಾಸಿಗಳನ್ನು ಅಗ್ಗದ ಗೊಂಬೆಗಳಂತೆ ಬರೆದ ಚಿತ್ರಗಳು ಆ ಕಾಲದಲ್ಲೂ ಅವರಿಗೆ ಅವಮಾನವೇ; ‘ವಿಂಟೇಜ್’ ಎಂಬ ಹೆಸರಿಟ್ಟು ಅವನ್ನು ಮರಳಿ ತರುವುದು ಬೇಡ. ಉಳಿಸಿಕೊಳ್ಳಬೇಕಾದದ್ದು ಗೆರೆಯ ಶಿಸ್ತು.

ಕೊನೆಗೆ ಸಹಿಯ ವಿಷಯ. ಬಾಲ ನೆಲಕ್ಕೆ ಬಡಿದು ಬಡಿದು ಮೊದಲು ಸವೆಯುತ್ತದೆ, ಆಮೇಲೆ ನಡುಭಾಗ. ಟ್ರಕ್ಕಿನ ತಟ್ಟೆಯ ಕೆಳಗೆ ಮಾತ್ರ ಏನೂ ಉಜ್ಜುವುದಿಲ್ಲ. ಹೆಸರನ್ನು ಅಲ್ಲಿ, ನಾಲ್ಕು ಬೋಲ್ಟುಗಳ ಮಧ್ಯೆ ಬರೆಯಿರಿ. ಹಲಗೆ ಮುರಿದು, ಟ್ರಕ್ ಬಿಚ್ಚಿ ಹೊಸದಕ್ಕೆ ಹಾಕುವವನ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ.