ಮೆದುಳಿಗೇ ಮದ್ದು ಇಳಿಸುವ ರೋಬೋಟ್: ಆಸೆ ಎಷ್ಟು, ಆಧಾರ ಎಷ್ಟು?

ಮನೆಯ ಹಿರಿಯರ ಕೈ ನಡುಗಲು ಶುರುವಾದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಚಹಾದ ಗ್ಲಾಸ್ ತುಳುಕುತ್ತದೆ, ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ಪಾರ್ಕಿನ್ಸನ್ ಎಂದು ಗೊತ್ತಾಗುವಾಗ ಕೆಲವೊಮ್ಮೆ ವರ್ಷಗಳೇ ಕಳೆದಿರುತ್ತವೆ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ವೀಡಿಯೊ ಬರುತ್ತದೆ: ‘ರೋಬೋಟ್ ಮೆದುಳಿಗೇ ಮದ್ದು ಹಾಕ್ತದಂತೆ, ಬಾಪನನ್ನು ಕರ್ಕೊಂಡು ಹೋಗಿ.’ ಹೊರಡುವ ಮೊದಲು ವಿಷಯ ತಿಳಿದುಕೊಳ್ಳೋಣ.

ನಾವು ನುಂಗುವ ಎಲ್ಲ ಮದ್ದೂ ಮೆದುಳಿಗೆ ಹೋಗುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬಿಗಿಯಾದ ತಡೆ ಇದೆ. ವಿಷ, ರೋಗಾಣುಗಳನ್ನು ಹೊರಗೆ ನಿಲ್ಲಿಸುವ ಈ ಕಾವಲು ಅನೇಕ ಔಷಧಗಳನ್ನೂ ಒಳಗೆ ಬಿಡುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವ ಡೋಪಮೈನ್ ಈ ತಡೆ ದಾಟದು, ಲೆವೊಡೋಪ ದಾಟುತ್ತದೆ. ಹಾಗಾಗಿಯೇ ಆ ಮಾತ್ರೆ.

ತಡೆಯನ್ನೇ ತಪ್ಪಿಸಿ ಮದ್ದು ಕೊಟ್ಟರೆ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸರ್ಜನ್ ಸ್ಟೀವನ್ ಗಿಲ್ ಮತ್ತು ತಂಡದವರು ಇದನ್ನೇ ಮಾಡಿದರು. ರೋಬೋಟ್ ನೆರವಿನಿಂದ ನಾಲ್ಕು ಸಪೂರ ನಳಿಕೆಗಳನ್ನು ಮೆದುಳಿನ ಆಳಕ್ಕೆ ಇಳಿಸಿದರು. ಕಿವಿಯ ಹಿಂದೆ ಕೂರಿಸಿದ ಪೋರ್ಟ್ ಮೂಲಕ ನಾಲ್ಕು ವಾರಕ್ಕೊಮ್ಮೆ ‘ಜಿಡಿಎನ್‌ಎಫ್’ ಎಂಬ ಪ್ರೋಟೀನನ್ನು ನಿಧಾನವಾಗಿ ಹರಿಸಿದರು. ಒಟ್ಟು 41 ಮಂದಿ ಭಾಗವಹಿಸಿದ್ದರು.

2019ರಲ್ಲಿ ಫಲಿತಾಂಶ ಬಂತು. ಮದ್ದು ಪಡೆದವರ ಸ್ಕ್ಯಾನ್‌ನಲ್ಲಿ ಸುಧಾರಣೆ ಕಂಡಿತು. ಆದರೆ ನಡುಕ, ಬಿಗಿತ, ನಡಿಗೆ ಅಳೆದು ನೋಡಿದಾಗ, ಬರೀ ನೀರಿನಂತಹ ಹುಸಿಮದ್ದು ಪಡೆದವರಿಗಿಂತ ಹೇಳಿಕೊಳ್ಳುವಷ್ಟು ವ್ಯತ್ಯಾಸ ಸಿಗಲಿಲ್ಲ. ರೋಬೋಟ್ ಸರಿಯಾದ ಜಾಗಕ್ಕೆ ತಲುಪಿಸಿತು. ಮದ್ದು ಗುಣ ಮಾಡುತ್ತದೆಂದು ಸಾಬೀತಾಗಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದು ನೆನಪಿರಲಿ.

ಹಾಗೆಂದು ದಾರಿಯೇ ಮುಚ್ಚಿಲ್ಲ. ಎಎಡಿಸಿ ಕೊರತೆ ಎಂಬ, ಮಕ್ಕಳಿಗೆ ಬರುವ ಅಪರೂಪದ ವಂಶವಾಹಿ ಕಾಯಿಲೆಗೆ ಮೆದುಳಿಗೇ ನೇರ ಕೊಡುವ ಜೀನ್ ಚಿಕಿತ್ಸೆಯನ್ನು ಯುರೋಪ್ 2022ರಲ್ಲಿ, ಅಮೆರಿಕ 2024ರಲ್ಲಿ ಒಪ್ಪಿದವು. ಅದು ಪಾರ್ಕಿನ್ಸನ್‌ನ ಚಿಕಿತ್ಸೆಯಲ್ಲ.

ನಮ್ಮಲ್ಲಿ ‘ಮೆದುಳಿನ ಆಪರೇಶನ್’ ಎಂದು ಹೇಳುವುದು ಹೆಚ್ಚಾಗಿ ಡಿಬಿಎಸ್ ಬಗ್ಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದು ಆಗುತ್ತದೆ. ಅದರಲ್ಲಿ ಮದ್ದಲ್ಲ, ತಂತಿಯ ಮೂಲಕ ಸಣ್ಣ ವಿದ್ಯುತ್ ಕೊಡುತ್ತಾರೆ. ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲ.

ಮಂಗಳೂರಿನಲ್ಲಿರಲಿ, ಸಂಡೂರು ತಾಲೂಕಿನ ಬಂಡ್ರಿಯಂತಹ ಊರಿನಲ್ಲಿ ಅಂಗಡಿ ಇಟ್ಟಿರಲಿ, ಚಿನ್ನ ಅಡವಿಟ್ಟು ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಒಪ್ಪಿಗೆ ಪಡೆದ ಚಿಕಿತ್ಸೆಯೋ, ಪ್ರಯೋಗವೋ? ಒಳಗೆ ಹೋಗುವುದು ಮದ್ದೋ, ವಿದ್ಯುತ್ತೋ? ನಮ್ಮ ರೋಗಿಗೆ ಇದು ಯಾಕೆ ಬೇಕು? ಪ್ರಯೋಗವಾದರೆ ಅದರ ಮದ್ದಿಗೆ ರೋಗಿಯಿಂದ ದುಡ್ಡು ಕೇಳಬಾರದೆಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ.

ಇನ್ನೊಂದು ಮಾತು. ಹೊಸ ಚಿಕಿತ್ಸೆಯ ಆಸೆಯಲ್ಲಿ ಈಗಿನ ಮಾತ್ರೆ ನಿಲ್ಲಿಸಬೇಡಿ, ದಿಢೀರ್ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ರಮಝಾನ್‌ಗೆ ಮುಂಚೆ ಮಾತ್ರೆಯ ಹೊತ್ತಿನ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಉಪವಾಸ ಬೇಡ ಎಂದರೆ ಹಿರಿಯರಿಗೆ ಮನೆಯವರೇ ಸಮಾಧಾನದಿಂದ ತಿಳಿಹೇಳಬೇಕು; ರೋಗಿಗೆ ವಿನಾಯಿತಿ ಇದ್ದೇ ಇದೆ.