ಹೆಸರು ಅಳಿಸಿದರೆ ಗುಟ್ಟು ಉಳಿಯುವುದೇ?

ರೋಗಿಯು ವೈದ್ಯರಲ್ಲಿ ಹೇಳಿಕೊಂಡ ಮಾತು ಹಿಂದೆ ದವಾಖಾನೆಯ ಕಡತದೊಳಗೇ ಉಳಿಯುತ್ತಿತ್ತು. ಇಂದು ಮುಂಬಯಿಯಲ್ಲಿರುವ ತಾಯಿಯ ಚಿಕಿತ್ಸಾ ಟಿಪ್ಪಣಿಯನ್ನು ಮಣಿಪಾಲದ ತಜ್ಞರು ಕ್ಷಣಾರ್ಧದಲ್ಲಿ ಓದಬಲ್ಲರು. ಈ ಅನುಕೂಲ ಅಲ್ಪವಾದುದಲ್ಲ. ಆದರೆ ಹೆಸರೊಂದನ್ನು ಅಳಿಸಿ ಕಳುಹಿಸಿದರೆ ರೋಗಿಯ ಗುಟ್ಟು ಕಾಪಾಡಿದಂತಾಯಿತು ಎಂಬ ನಂಬಿಕೆ ಮಾತ್ರ ನಿಜವಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1990ರ ದಶಕದಲ್ಲಿ ಸರಕಾರಿ ನೌಕರರ ಚಿಕಿತ್ಸಾ ವಿವರಗಳನ್ನು, ಹೆಸರು ತೆಗೆದು, ಸಂಶೋಧನೆಗೆ ನೀಡಲಾಗಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಅವರು 20 ಡಾಲರ್ ತೆತ್ತು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಪಡೆದು ಎರಡನ್ನೂ ಹೋಲಿಸಿದರು. ಗವರ್ನರ್ ವಿಲಿಯಂ ವೆಲ್ಡ್ ಅವರ ಜನ್ಮದಿನಾಂಕವೇ ಇದ್ದವರು ಆ ಪಟ್ಟಿಯಲ್ಲಿ 6 ಮಂದಿ. ಅವರಲ್ಲಿ ಪುರುಷರು 3. ವೆಲ್ಡ್ ಅವರ ಅಂಚೆ ವಲಯದಲ್ಲಿದ್ದವರು ಅವರೊಬ್ಬರೇ. ಹೀಗೆ ಹೆಸರಿಲ್ಲದ ದಾಖಲೆಯೇ ಗವರ್ನರ್ ಅವರನ್ನು ಗುರುತಿಸಿಕೊಟ್ಟಿತು. ಅಲ್ಲಿಯ ಹಿಪಾ ಕಾನೂನಿನ ನಿಯಮಗಳು ಮುಂದೆ ದೂರವಾಣಿ ಸಂಖ್ಯೆ, ಆಸ್ಪತ್ರೆಗೆ ಸೇರಿದ ದಿನಾಂಕ, ಮುಖದ ಛಾಯಾಚಿತ್ರ ಮೊದಲಾಗಿ ತೆಗೆಯಬೇಕಾದ 18 ಬಗೆಯ ಗುರುತುಗಳನ್ನು ಪಟ್ಟಿಮಾಡಿದವು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಪಾಠ ಇನ್ನಷ್ಟು ಹತ್ತಿರದ್ದು. ಮಹಾನಗರ ದೊಡ್ಡದಾದರೂ ನಮ್ಮ ಬಳಗ ಚಿಕ್ಕದು. 'ಮಾಟುಂಗಾ ನಿವಾಸಿ, ನಿವೃತ್ತ ಶಿಕ್ಷಕಿ, ಮಾತೃಭಾಷೆ ಕನ್ನಡ, ಹುಟ್ಟೂರು ಕುಂದಾಪುರ' ಎಂದು ಟಿಪ್ಪಣಿಯಲ್ಲಿದ್ದರೆ ಹೆಸರಿನ ಅಗತ್ಯವೇ ಇಲ್ಲ. ಓದಿದ ಪರಿಚಿತರು ಊಹಿಸಿಬಿಡುತ್ತಾರೆ. ಕ್ಷಯವೋ ಮನೋವ್ಯಾಧಿಯೋ ಆಗಿದ್ದರೆ ಆ ಊಹೆ ಮನೆಯ ಮಕ್ಕಳ ಮದುವೆಯ ಮಾತುಕತೆಯವರೆಗೂ ಹಿಂಬಾಲಿಸುತ್ತದೆ.

ನಮ್ಮ ದೇಶದಲ್ಲಿಯೂ ರಕ್ಷಣೆಯುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋರೋಗಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಅಂಗೀಕಾರವಾಗಿದೆ. 14 ಅಂಕಿಗಳ 'ಆಭಾ' ಸಂಖ್ಯೆಯ ವ್ಯವಸ್ಥೆಯಲ್ಲಿ ದಾಖಲೆ ಹಂಚಿಕೆಗೆ ರೋಗಿಯ ಸಮ್ಮತಿ ಬೇಕು. ಕೊಟ್ಟ ಸಮ್ಮತಿಯನ್ನು ಹಿಂಪಡೆಯಲೂಬಹುದು.

ಆದರೆ ಮನೆಮಂದಿಯೇ ವಾಟ್ಸಾಪ್ ಬಳಗಕ್ಕೆ ವರದಿಯನ್ನು ಹಾಕಿದರೆ ಯಾವ ಕಾನೂನೂ ಅದನ್ನು ಮರಳಿ ತರಲಾರದು. ಆದುದರಿಂದ ವೈದ್ಯರು ಕೇಳಿದ ಪುಟವನ್ನಷ್ಟೇ, ಅವರೊಬ್ಬರಿಗೇ, ಸಂಖ್ಯೆಯನ್ನು ಸರಿನೋಡಿ ಕಳುಹಿಸೋಣ. ಪರಿಚಿತರ ಸಲಹೆ ಬೇಕಿದ್ದರೆ ಬಾಯಿಮಾತಿನಲ್ಲಿ ಕೇಳೋಣ. ಎಲ್ಲಕ್ಕಿಂತ ಮೊದಲು ರೋಗಿಯನ್ನೇ ಕೇಳೋಣ: ವಯಸ್ಸಾದ ತಂದೆತಾಯಿಯರ ಕಾಯಿಲೆಯ ಸುದ್ದಿ ಮಕ್ಕಳ ಸ್ವತ್ತಲ್ಲ, ಅದು ಅವರದೇ.